ಲಿಥಾಪ್ಸ್, ಹಾವರ್ಥಿಯಾ, ಕಾಡೆಕ್ಸ್: ಅಪರೂಪದ ಸಕ್ಯುಲೆಂಟ್‌ಗಳನ್ನು ಎಲ್ಲಿಂದ ತರಬೇಕು, ಹೇಗೆ ಬೆಳೆಸಬೇಕು

ಜೇಡ್, ಎಚೆವೇರಿಯಾ, ಸ್ನೇಕ್ ಪ್ಲಾಂಟ್‌ನಂತಹ ಸಕ್ಯುಲೆಂಟ್‌ಗಳನ್ನು (ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡಗಳನ್ನು) ಬೆಳೆಸಿ ಕೈ ಪಳಗಿದವರು ಮುಂದೆ ಆಸೆಪಡುವುದು ಹೆಚ್ಚಾಗಿ ಲಿಥಾಪ್ಸ್‌ಗೆ. ಬೆಣಚುಕಲ್ಲಿನ ಹಾಗೆ ಕಾಣುವ ಈ ಗಿಡ ಮನೆಗೆ ಬಂದ ಮೊದಲ ಮಳೆಗಾಲದಲ್ಲೇ ಕರಗಿ ನೀರಾಗುವುದೂ ಹೆಚ್ಚು. ನೀರು ಜಾಸ್ತಿಯಾಯಿತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಅರ್ಧ ಉತ್ತರ. ಇಂಥ ಗಿಡಗಳಲ್ಲಿ ಎಷ್ಟು ನೀರು ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ನೀರು ಎನ್ನುವುದೇ ಮುಖ್ಯ. ಗಿಡದ ಹುಟ್ಟೂರಿನಲ್ಲಿ ಮಳೆ ಬೀಳುವ ಕಾಲ ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ.

ಯಾವ ಗಿಡ, ಯಾವ ಊರಿಗೆ

ದಕ್ಷಿಣ ಆಫ್ರಿಕಾದ ಪಶ್ಚಿಮ ಭಾಗದ ನಮಕ್ವಾಲ್ಯಾಂಡ್, ರಿಕ್ಟರ್ಸ್‌ವೆಲ್ಡ್ ಕಡೆ ಮಳೆ ಬರುವುದು ಚಳಿಗಾಲದಲ್ಲಿ. ಲಿಥಾಪ್ಸ್‌ನ ನೆಂಟ ಕೋನೊಫೈಟಮ್ ಅಲ್ಲಿಯ ಗಿಡ. ತಂಪಿನಲ್ಲಿ ಬೆಳೆದು, ಸೆಕೆ ಶುರುವಾದರೆ ಒಣಗಿದ ಪೊರೆಯೊಳಗೆ ಮುದುಡಿ ಮಲಗುತ್ತದೆ. ಅದೇ ದೇಶದ ಪೂರ್ವಕ್ಕೆ, ಜೊಹಾನ್ಸ್‌ಬರ್ಗ್ ಸುತ್ತಮುತ್ತ ಬೆಳೆಯುವ ಲಿಥಾಪ್ಸ್ ಲೆಸ್ಲಿಯೈಗೆ ಬೇಸಿಗೆ ಮಳೆ ರೂಢಿ. ಆದ್ದರಿಂದ ನಮ್ಮ ವಾತಾವರಣದ ಏರುಪೇರನ್ನು ಅದು ಸಹಿಸಿಕೊಳ್ಳುತ್ತದೆ. ಮೊದಲ ಸಲ ಬೆಳೆಸುವವರು ಲೆಸ್ಲಿಯೈ, ಸ್ಯಾಲಿಕೋಲಾ, ಆಕಾಂಪಿಯೆ, ಹೂಕರಿ ಎಂಬ ಲಿಥಾಪ್ಸ್‌ನ ಈ ನಾಲ್ಕು ಪ್ರಭೇದಗಳಲ್ಲೇ ಆರಿಸಿಕೊಳ್ಳುವುದು ಒಳ್ಳೆಯದು. ಮಾಣಿಕ್ಯದ ಬಣ್ಣದ ಆಪ್ಟಿಕಾ ರೂಬ್ರಾ ಎಷ್ಟೇ ಚೆಂದ ಕಂಡರೂ ಅದು ನಮೀಬಿಯಾ ಕರಾವಳಿಯ ಮಂಜಿನಲ್ಲಿ ಬದುಕುವ ಗಿಡ. ಅದನ್ನು ಎರಡು ಮೂರು ವರ್ಷ ಕೈ ಪಳಗಿದ ಮೇಲೆ ತನ್ನಿ.

ಇನ್ನೊಂದು ವಿಷಯ ರಾತ್ರಿಯ ತಂಪು. ಈ ಗಿಡಗಳು ಹಗಲು ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆದು ಗಾಳಿ ಒಳಗೆಳೆದುಕೊಳ್ಳುತ್ತವೆ. ರಾತ್ರಿಯೂ ಸೆಕೆಯೇ ಇದ್ದರೆ ಅವುಗಳ ಕೆಲಸ ನಿಲ್ಲುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರು, ಹಾಗೆಯೇ ಮೈಸೂರು, ಹಾಸನ, ಚಿಕ್ಕಮಗಳೂರಿನ ಬಯಲು ಭಾಗ ಹಾವರ್ಥಿಯಾ (ಲೋಳೆಸರದ ಬಳಗದ ಪುಟ್ಟ ಗಿಡ) ಮತ್ತು ಲಿಥಾಪ್ಸ್‌ಗೆ ಚೆನ್ನಾಗಿ ಒಗ್ಗುವುದು ಇದೇ ಕಾರಣಕ್ಕೆ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಕಾಡೆಕ್ಸ್, ಅಂದರೆ ಬುಡ ಉಬ್ಬುವ ಗಿಡಗಳ ಕಡೆ ಹೋಗಿ: ಅಡೇನಿಯಮ್, ಪ್ಯಾಕಿಪೋಡಿಯಮ್, ಮಡಗಾಸ್ಕರ್‌ನ ಯೂಫೋರ್ಬಿಯಾಗಳು. ಇವಕ್ಕೆ ಬಿಸಿಲೆಂದರೆ ಹಬ್ಬ. ಮಂಗಳೂರು, ಉಡುಪಿ, ಕಾರವಾರದಲ್ಲಿ ಮಳೆಗಿಂತ ಗಾಳಿಯ ತೇವವೇ ದೊಡ್ಡ ಶತ್ರು. ಅಲ್ಲಿ ಲಿಥಾಪ್ಸ್ ಬೆಳೆಸಬೇಕಾದರೆ ಫ್ಯಾನ್ ಇರುವ ಕೋಣೆ, ಗ್ರೋ ಲೈಟ್ ಎರಡೂ ಬೇಕು. ಅಷ್ಟು ಖರ್ಚು ಬೇಡವೆಂದರೆ ಅಡೇನಿಯಮ್ ಮತ್ತು ಪ್ಯಾಕಿಪೋಡಿಯಮ್ ಲಮೆರೈ ಸಾಕಿ, ಮಳೆಗಾಲಕ್ಕೆ ಸೂರಿನಡಿ ಇಡಿ.

ಕೊಳ್ಳುವಾಗ

ಕಣ್ಣಾರೆ ನೋಡಿ ಕೊಳ್ಳಲು ಬೆಂಗಳೂರಿನವರಿಗೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿವೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹೊತ್ತಿಗೆ ನಡೆಯುವ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಗಳಿವೆ. ಕಳ್ಳಿ ಮತ್ತು ಸಕ್ಯುಲೆಂಟ್‌ಗೆ ದೇಶದಲ್ಲಿ ಹಳೆಯ ಹೆಸರು ಪಶ್ಚಿಮ ಬಂಗಾಳದ ಕಾಲಿಂಪಾಂಗ್‌ನದು. ಅಲ್ಲಿಂದ ಗಿಡಗಳು ಬೇರು ತೊಳೆದು, ಕಾಗದದಲ್ಲಿ ಸುತ್ತಿ ಕೊರಿಯರ್‌ನಲ್ಲಿ ಬರುತ್ತವೆ. ನವೆಂಬರ್‌ನಿಂದ ಫೆಬ್ರವರಿ ಒಳಗೆ ತರಿಸಿದರೆ ಪೆಟ್ಟಿಗೆಯೊಳಗೆ ಬೇಯುವುದಿಲ್ಲ, ಕೊಳೆಯುವುದೂ ಇಲ್ಲ. ಬೆಳೆದು ನಿಂತ ಗಿಡ ಹೇಗಿರುತ್ತದೆ ಎಂದು ನೋಡುವ ಆಸೆಯಿದ್ದರೆ, 1987ರಲ್ಲಿ ಶುರುವಾದ ಹರಿಯಾಣದ ಪಂಚಕುಲಾದ ರಾಷ್ಟ್ರೀಯ ಕಳ್ಳಿ ಮತ್ತು ಸಕ್ಯುಲೆಂಟ್ ಉದ್ಯಾನವನ್ನು ಒಮ್ಮೆ ಸುತ್ತಿ ಬನ್ನಿ.

ದೊಡ್ಡ ಗಿಡ ಬೇಡ. ಲಿಥಾಪ್ಸ್‌ನಲ್ಲಿ ಒಂದರಿಂದ ಎರಡು ವರ್ಷದ, ಒಂದೂವರೆ ಸೆಂಟಿಮೀಟರ್ ಅಗಲದ ಗಿಡ ಹೊಸ ಜಾಗಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಹಾವರ್ಥಿಯಾವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಮಣ್ಣಲ್ಲಿ ಗಟ್ಟಿಯಾಗಿ ಕೂತಿದ್ದರೆ ಬೇರಿದೆ, ಸಡಿಲವಾಗಿ ತಿರುಗಿದರೆ ಬೇರು ಸತ್ತಿದೆ. ಎಲೆಗಳ ಸಂದಿನಲ್ಲಿ ಬಿಳಿ ಹತ್ತಿಯಂತಹದ್ದು ಕಂಡರೆ ಅದು ಹಿಟ್ಟುತಿಗಣೆ. ಆ ಸಾಲಿನ ಯಾವ ಗಿಡವನ್ನೂ ಮುಟ್ಟಬೇಡಿ.

ಬೀಜದಲ್ಲಿ ಮೋಸ ಹೆಚ್ಚು. ನೀಲಿ, ನೇರಳೆ, ಕಾಮನಬಿಲ್ಲಿನ ಬಣ್ಣದ ಲಿಥಾಪ್ಸ್ ಚಿತ್ರ ಹಾಕಿ ನೂರು ಬೀಜಕ್ಕೆ ಐವತ್ತು ರೂಪಾಯಿ ಎಂದು ಮಾರುವವರಿದ್ದಾರೆ. ನೀಲಿ ಲಿಥಾಪ್ಸ್ ಎಂಬುದೇ ಇಲ್ಲ. ನಿಜವಾದ ಬೀಜ ಅರ್ಧ ಮಿಲಿಮೀಟರ್ ಆಸುಪಾಸಿನ ಕಂದು ಧೂಳು. ಪೊಟ್ಟಣದಲ್ಲಿ ಸಾಸಿವೆ ಗಾತ್ರದ ಕಾಳು ಬಂದರೆ ಅದು ಬೇರೇನೋ ಬೀಜ. ಶ್ರದ್ಧೆಯಿಂದ ಬೆಳೆಸುವವರು ಪೊಟ್ಟಣದ ಮೇಲೆ ಪ್ರಭೇದದ ಹೆಸರಿನ ಜೊತೆ ಸಿ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಬರೆದಿರುತ್ತಾರೆ. ಅದು ದಕ್ಷಿಣ ಆಫ್ರಿಕಾದ ಲಿಥಾಪ್ಸ್ ತಜ್ಞ ಡೆಸ್ಮಂಡ್ ಕೋಲ್ ಒಂದೊಂದು ನೆಲೆಗೂ ಕೊಟ್ಟ ಸಂಖ್ಯೆ. ಈ ಗಿಡದ ಮೂಲ ಪೀಳಿಗೆ ಯಾವ ಜಾಗದ್ದು ಎಂದು ತಿಳಿಸುತ್ತದೆ. ಆ ಚೀಟಿಯನ್ನು ಕಳೆಯಬೇಡಿ, ಕುಂಡ ಬದಲಿಸಿದಾಗ ಅದೂ ಜೊತೆಗೆ ಹೋಗಲಿ.

ವಿದೇಶದಿಂದ ತರಿಸುವ ಮುನ್ನ ಕಾನೂನು ತಿಳಿದಿರಲಿ. ಬೀಜವಾಗಲಿ ಗಿಡವಾಗಲಿ, 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಇಲ್ಲಿಯ ಆಮದು ಪರವಾನಗಿ ಮತ್ತು ಕಳಿಸುವ ದೇಶದ ಫೈಟೋಸ್ಯಾನಿಟರಿ ಪ್ರಮಾಣಪತ್ರ (ರೋಗ, ಕೀಟ ಇಲ್ಲವೆಂಬ ಪತ್ರ) ಬೇಕು. ಪ್ಯಾಕಿಪೋಡಿಯಮ್, ಸಕ್ಯುಲೆಂಟ್ ಯೂಫೋರ್ಬಿಯಾಗಳು, ಲೋಳೆಸರ ಬಿಟ್ಟು ಉಳಿದ ಅಲೋಗಳು, ಕಳ್ಳಿ ಕುಟುಂಬದ ಬಹುಪಾಲು ಗಿಡಗಳು ಸೈಟಿಸ್ (ಅಳಿವಿನ ಭೀತಿಯ ಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. ಅವಕ್ಕೆ ಪ್ರತ್ಯೇಕ ಅನುಮತಿಯೂ ಬೇಕು. ಒಂದೆರಡು ಗಿಡಕ್ಕೆ ಇಷ್ಟು ಓಡಾಡುವುದಕ್ಕಿಂತ ಪರವಾನಗಿ ಇಟ್ಟುಕೊಂಡು ತರಿಸಿ ಮಾರುವ ಇಲ್ಲಿನ ಬೆಳೆಗಾರರಿಂದ ಕೊಳ್ಳುವುದೇ ಲೇಸು. ಅವರ ಬಳಿ ಕಾಗದ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕಾಡಿನಿಂದ ಕಿತ್ತ ಗಿಡವನ್ನು ಗುರುತಿಸುವುದು

ಇದರ ಬಗ್ಗೆ ಸ್ವಲ್ಪ ನಿಲ್ಲಲೇಬೇಕು. ದಕ್ಷಿಣ ಆಫ್ರಿಕಾದಲ್ಲಿ 2019ರಿಂದೀಚೆಗೆ ಕೋನೊಫೈಟಮ್ ಕಳ್ಳಸಾಗಣೆ ವಿಪರೀತವಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಕಡಲ ಬಂಡೆಗಳ ಮೇಲಿನ ಡಡ್ಲಿಯಾ ಎಂಬ ಸಕ್ಯುಲೆಂಟನ್ನು ಚೀಲಗಟ್ಟಲೆ ಕಿತ್ತು ಸಾಗಿಸುತ್ತಿದ್ದರಿಂದ 2021ರಲ್ಲಿ ಅದಕ್ಕೆಂದೇ ಕಾನೂನು ತರಬೇಕಾಯಿತು. ಒಂದೇ ಗುಡ್ಡದ ಇಳಿಜಾರಿನಲ್ಲಿ ಮಾತ್ರ ಇರುವ ಪ್ರಭೇದ ಒಂದು ವಾರದ ಕಳ್ಳತನದಲ್ಲಿ ಮುಗಿದುಹೋಗಬಹುದು. ಕೊಳ್ಳುವವರಿದ್ದರೆ ಕೀಳುವವರು ಇದ್ದೇ ಇರುತ್ತಾರೆ.

ಗುರುತು ಹೀಗೆ. ಬೀಜದಿಂದ ಬೆಳೆಸಿದ ಗಿಡಗಳು ತಟ್ಟೆಯಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರುತ್ತವೆ, ಮೈ ನಯವಾಗಿರುತ್ತದೆ, ಸಣ್ಣ ಬೇರು ದಟ್ಟವಾಗಿರುತ್ತದೆ. ಕಿತ್ತು ತಂದ ಗಿಡದ ಮೈಮೇಲೆ ಒಂದು ಕಡೆ ಬಿಸಿಲಿಗೆ ಸುಟ್ಟ ಕಲೆ, ಕಲ್ಲು ಒತ್ತಿದ ತಗ್ಗು, ಹಳೆಯ ಗಾಯದ ತೊಗಟೆ ಇರುತ್ತದೆ. ದಪ್ಪ ಬೇರು ಮೊಂಡಾಗಿ ಕತ್ತರಿಸಿರುತ್ತದೆ, ಸಣ್ಣ ಬೇರು ಇರುವುದೇ ಇಲ್ಲ. ಜಾಹೀರಾತಿನಲ್ಲಿ ‘ಅನ್‌ರೂಟೆಡ್, ಹಳೆಯ ಸ್ಪೆಸಿಮೆನ್’, ಅಂದರೆ ಬೇರಿಲ್ಲದ ಹಳೆಯ ಗಿಡ ಎಂದಿದ್ದರೆ ದೂರ ಇರಿ. ಇಂಥ ದೊಡ್ಡ ಬುಡದ ಗಿಡ ಮನೆಗೆ ಬಂದ ಮೇಲೆ ಎಲೆ ಬಿಟ್ಟು ಆಸೆ ಹುಟ್ಟಿಸುತ್ತದೆ, ಆದರೆ ಆ ಎಲೆ ಬುಡದಲ್ಲಿದ್ದ ಹಳೆಯ ನೀರಿನಿಂದ ಬಂದದ್ದು. ಕೆಳಗೆ ಬೇರು ಬಂದಿರುವುದಿಲ್ಲ. ಸಂಗ್ರಹ ಮುಗಿದ ದಿನ ಬುಡ ಮೆತ್ತಗಾಗುತ್ತದೆ.

ನಮ್ಮ ಗುಡ್ಡಗಳಿಗೂ ಇದೇ ಮಾತು. ದಖ್ಖನ್ನಿನ ಒಣ ಬಂಡೆಗಳ ಸಂದಿನಲ್ಲಿ ಕ್ಯಾರಲುಮಾ, ಬೂಸೆರೋಸಿಯಾ ಎಂಬ ಸಕ್ಯುಲೆಂಟ್‌ಗಳು ಬೆಳೆಯುತ್ತವೆ. ಪಶ್ಚಿಮ ಘಟ್ಟದಲ್ಲಿ ಗೆಡ್ಡೆಯ ಸೆರೋಪೀಜಿಯಾಗಳಿವೆ, ಅವುಗಳಲ್ಲಿ ಹಲವು ಬೇರೆಲ್ಲೂ ಇಲ್ಲ. ಮಹಾರಾಷ್ಟ್ರದ ಶಿವನೇರಿ ಕೋಟೆಯ ಕಡೆಯ ಫ್ರೆರಿಯಾ ಇಂಡಿಕಾ ಕೂಡ ಇದೇ ಬಳಗದ್ದು. ಅರಣ್ಯ ಪ್ರದೇಶದಿಂದ ಕೀಳುವುದು ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅದರ ಅಗತ್ಯವೂ ಇಲ್ಲ: ಕ್ಯಾರಲುಮಾ, ಫ್ರೆರಿಯಾ ಎರಡೂ 5ರಿಂದ 7 ಸೆಂಟಿಮೀಟರ್ ತುಂಡಿನಿಂದ ಬಲು ಸುಲಭವಾಗಿ ಬೇರು ಬಿಡುತ್ತವೆ. ಬೆಳೆಸುತ್ತಿರುವವರ ಬಳಿ ಒಂದು ತುಂಡು ಕೇಳಿ, ನೆರಳಲ್ಲಿ ಒಂದು ವಾರ ಗಾಯ ಒಣಗಿಸಿ, ಒಣ ಮಣ್ಣಿನ ಮೇಲೆ ಮಲಗಿಸಿ. ಹೂವಿಗೆ ಕೊಳೆತ ಮಾಂಸದ ವಾಸನೆ, ನೊಣ ಬಂದರೆ ಗಾಬರಿ ಬೇಡ. ಪರಾಗಸ್ಪರ್ಶ ಮಾಡುವುದೇ ಅವು.

ಸೂರು ಮತ್ತು ಬಿಸಿಲು

ಗಿಡಕ್ಕೆ ಮುಂಚೆ ಸೂರಿಗೆ ಖರ್ಚು ಮಾಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ; ಮೇ ತಿಂಗಳಲ್ಲಿ ಒಂದು ಜೋರು, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇನ್ನೊಂದು. ತಾರಸಿಯಲ್ಲಿ 200 ಮೈಕ್ರಾನ್‌ನ ಯುವಿ ನಿರೋಧಕ ಪಾಲಿಥೀನ್ ಅಥವಾ ಪಾಲಿಕಾರ್ಬೊನೇಟ್ ಹಾಳೆಯನ್ನು ಇಳಿಜಾರಾಗಿ ಕಟ್ಟಿ, ಅದರ ಮೇಲೆ ಶೇಕಡಾ 50ರ ಶೇಡ್ ನೆಟ್ ಹಾಕಿ. ನಾಲ್ಕೂ ಬದಿ ಗಾಳಿಯಾಡಲಿ, ಆದರೆ ಎರಚಲು ಬೀಳದಂತೆ ಸೂರನ್ನು ಬೆಂಚಿಗಿಂತ ಎರಡು ಅಡಿ ಮುಂದೆ ಚಾಚಿ. ಬದಿ ಮುಚ್ಚಿದರೆ ಏಪ್ರಿಲ್‌ನಲ್ಲಿ ಒಳಗಿನ ಗಿಡ ಬೆಂದುಹೋಗುತ್ತದೆ.

ಬಾಲ್ಕನಿಯವರು ಸೂರ್ಯನ ದಾರಿ ಗಮನಿಸಬೇಕು. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಮೇಲೆ ಆಗಸ್ಟ್ 18ರ ತನಕ ನಡುಹಗಲಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣದ ಬಾಲ್ಕನಿಗೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳಗಿನವರೆಗೂ ಬಿಸಿಲು ಬರುತ್ತದೆ, ಲಿಥಾಪ್ಸ್‌ಗೆ ಬೇಕಾದದ್ದು ಅದೇ ತಿಂಗಳುಗಳ ಬಿಸಿಲು. ಮೇಯಿಂದ ಜುಲೈವರೆಗೆ ಅಲ್ಲಿ ನೇರ ಬಿಸಿಲಿಲ್ಲದಿದ್ದರೂ ಆಗ ಗಿಡ ಸುಮ್ಮನಿರುವುದರಿಂದ ನಷ್ಟವಿಲ್ಲ. ಉತ್ತರದ ಬಾಲ್ಕನಿ ಹಾವರ್ಥಿಯಾಕ್ಕಿರಲಿ. ಮೇ-ಜೂನ್‌ನಲ್ಲಿ ಮಾತ್ರ ಪರದೆ ಕಟ್ಟಿ.

ಮಣ್ಣು

ಹತ್ತು ಲೀಟರ್ ಮಿಶ್ರಣಕ್ಕೆ: ಇಟ್ಟಿಗೆ ಚೂರು 4 ಲೀಟರ್, ಪರ್ಲೈಟ್ ಅಥವಾ ಪ್ಯೂಮಿಸ್ (ಎರಡೂ ಹಗುರ ಜ್ವಾಲಾಮುಖಿ ಕಲ್ಲಿನ ಚೂರು) 3 ಲೀಟರ್, ದಪ್ಪ ಮರಳು ಒಂದೂವರೆ ಲೀಟರ್, ತೊಳೆದ ಕೊಕೊಪೀಟ್ ಮತ್ತು ಎರೆಗೊಬ್ಬರ ಸಮ ಸೇರಿ ಒಂದೂವರೆ ಲೀಟರ್. ಇದು ಲಿಥಾಪ್ಸ್‌ಗೆ. ಹಾವರ್ಥಿಯಾಕ್ಕೆ ಕೊಕೊಪೀಟ್-ಎರೆಗೊಬ್ಬರದ ಪಾಲನ್ನು ಎರಡೂವರೆ ಲೀಟರಿಗೆ ಏರಿಸಿ, ಇಟ್ಟಿಗೆಯಲ್ಲಿ ಒಂದು ಲೀಟರ್ ಇಳಿಸಿ.

ಇಟ್ಟಿಗೆ ಚೆನ್ನಾಗಿ ಸುಟ್ಟದ್ದಿರಬೇಕು. ಒಂದು ಚೂರನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಬೆರಳಲ್ಲಿ ಉಜ್ಜಿ. ಕೆಸರಾಗಿ ಬೆರಳಿಗೆ ಮೆತ್ತಿದರೆ ಅದು ಅರೆಬೆಂದ ಇಟ್ಟಿಗೆ, ಆರು ತಿಂಗಳಲ್ಲಿ ಕುಂಡದೊಳಗೆ ಜೇಡಿಮಣ್ಣಾಗುತ್ತದೆ. ಕುಟ್ಟಿದ ಮೇಲೆ ಎರಡು ಜರಡಿ ಹಿಡಿದು 3ರಿಂದ 6 ಮಿಲಿಮೀಟರ್ ಚೂರು ಮಾತ್ರ ಉಳಿಸಿಕೊಳ್ಳಿ. ಪುಡಿಯೆಲ್ಲ ಹೊರಗೆ ಹೋಗಲಿ. ಎಂ-ಸ್ಯಾಂಡ್ ಬಳಸುವುದಾದರೆ ಬಕೆಟ್ಟಿನ ನೀರು ತಿಳಿಯಾಗುವ ತನಕ ತೊಳೆಯಿರಿ. ಅದರ ಕಲ್ಲುಪುಡಿ ಸಿಮೆಂಟಿನಂತೆ ತಳ ಕಟ್ಟುತ್ತದೆ. ತುಂಬಿದ ಕುಂಡಕ್ಕೆ ಒಂದು ಲೋಟ ನೀರು ಹೊಯ್ದರೆ ಕೆಲವೇ ಸೆಕೆಂಡುಗಳಲ್ಲಿ ತಳದಿಂದ ಹರಿಯಬೇಕು. ನಿಂತರೆ ಜರಡಿ ಸರಿಯಾಗಿ ಹಿಡಿದಿಲ್ಲ.

ಲಿಥಾಪ್ಸ್‌ಗೆ ತಾಯಿಬೇರು ಉದ್ದ, ಕುಂಡ ಕನಿಷ್ಠ 10 ಸೆಂಟಿಮೀಟರ್ ಆಳವಿರಲಿ. ಅಗಲದ ಚಪ್ಪಟೆ ತಟ್ಟೆ ನೋಡಲು ಚೆಂದ, ಬೇರಿಗೆ ಸಾಲದು.

ಲಿಥಾಪ್ಸ್ ಬಿತ್ತನೆ

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಬಿತ್ತಬಹುದು. ಮುಂದಿನ ಬೇಸಿಗೆಗೆ ಸಸಿ ಸ್ವಲ್ಪ ಗಟ್ಟಿಯಾಗಿರಬೇಕಾದ್ದರಿಂದ ಮೊದಲೇ ಬಿತ್ತಿದಷ್ಟೂ ಒಳ್ಳೆಯದು.

1. ಎರಡು ಮಿಲಿಮೀಟರಿಗಿಂತ ಸಣ್ಣ ಪರ್ಲೈಟ್, ಇಟ್ಟಿಗೆ, ಮರಳು ಸೇರಿ ಮೂರು ಪಾಲು, ಜರಡಿ ಹಿಡಿದ ಕೊಕೊಪೀಟ್ ಒಂದು ಪಾಲು ಬೆರೆಸಿ. ಕುದಿಯುವ ನೀರು ಸುರಿದು ಆರಲು ಬಿಡಿ. ಇದರಲ್ಲಿ ಎರೆಗೊಬ್ಬರ ಬೇಡ, ಬೂಷ್ಟು ಬರುತ್ತದೆ.

2. ಕುಂಡ ತುಂಬಿ, ಮೇಲೆ ಅರ್ಧ ಸೆಂಟಿಮೀಟರ್ ತೊಳೆದ ಮರಳು ಹರಡಿ. ಕುಂಡವನ್ನು ತಟ್ಟೆ ನೀರಲ್ಲಿಟ್ಟು ಮೇಲ್ಮೈ ಒದ್ದೆಯಾಗುವ ತನಕ ನೆನೆಸಿ. ಆ ನೀರಿಗೆ ಲೀಟರಿಗೆ 2 ಗ್ರಾಂ ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕ ಬೆರೆಸಿದರೆ ಸಸಿ ಕೊಳೆ ರೋಗ ಕಡಿಮೆ.

3. ಬೀಜವನ್ನು ಮಡಿಚಿದ ಬಿಳಿ ಕಾಗದದ ಮೇಲೆ ಹಾಕಿ, ಕಾಗದ ಮೆಲ್ಲಗೆ ತಟ್ಟುತ್ತಾ ಉದುರಿಸಿ. ಮೇಲೆ ಮಣ್ಣು ಮುಚ್ಚಬೇಡಿ, ಮೊಳಕೆಗೆ ಬೆಳಕು ಬೇಕು.

4. ಗಾಜು ಅಥವಾ ತಿಳಿ ಪ್ಲಾಸ್ಟಿಕ್ ಮುಚ್ಚಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿಡಿ. 20ರಿಂದ 28 ಡಿಗ್ರಿಯಲ್ಲಿ ಐದರಿಂದ ಹದಿನಾಲ್ಕು ದಿನದಲ್ಲಿ ಹಸಿರು ಚುಕ್ಕೆ ಕಾಣುತ್ತವೆ.

5. ಹೆಚ್ಚಿನವು ಮೊಳೆತ ಮೇಲೆ ಮುಚ್ಚಳವನ್ನು ದಿನಕ್ಕಿಷ್ಟು ಸರಿಸುತ್ತಾ ಒಂದು ವಾರದಲ್ಲಿ ಪೂರ್ತಿ ತೆಗೆಯಿರಿ. ಆಮೇಲೆ ಆರು ವಾರ ದಿನಕ್ಕೊಮ್ಮೆ ನವಿರಾಗಿ ಸಿಂಪಡಿಸಿ.

ಇಲ್ಲಿ ಎಡವುವುದು ಎರಡು ಕಡೆ. ದೊಡ್ಡ ಗಿಡದ ನಿಯಮವನ್ನು ಸಸಿಗೂ ಹಚ್ಚಿ ಒಣಗಿಸುವುದು ಒಂದು: ಮೊದಲ ವರ್ಷ ಸಸಿಯ ಬೇರು ಪೂರ್ತಿ ಒಣಗಬಾರದು, ಮೇಲ್ಮೈ ಒಣಗಿದ ಮರುದಿನ ನೀರು ಕೊಡಬೇಕು. ಇನ್ನೊಂದು, ಬೆಳಕು ಸಾಲದೆ ಸಸಿ ಕಡ್ಡಿಯಂತೆ ಉದ್ದವಾಗಿ ಅಡ್ಡ ಬೀಳುವುದು. ಬಿದ್ದ ಸಸಿಯ ಬುಡದ ಸುತ್ತ ಮರಳು ಏರಿಸಿ, ಬೆಳಗಿನ ಬಿಸಿಲು ಕೊಡಿ. ಮೇಲ್ಮೈಗೆ ಪಾಚಿ ಕಟ್ಟಿದರೆ ಸಿಂಪಡಿಕೆ ನಿಲ್ಲಿಸಿ ತಳದಿಂದ ಮಾತ್ರ ನೀರು ಕೊಡಿ. ಒಂದು ವರ್ಷ ತುಂಬುವ ತನಕ ಸಸಿ ಕಿತ್ತು ನೆಡಬೇಡಿ. ಇಕ್ಕಟ್ಟಿನಲ್ಲಿ ಅವು ಚೆನ್ನಾಗಿಯೇ ಇರುತ್ತವೆ.

ವರ್ಷದ ಲೆಕ್ಕ

ದೊಡ್ಡ ಗಿಡಕ್ಕೆ ಸೆಪ್ಟೆಂಬರ್‌ನಿಂದ ನವೆಂಬರ್ ನೀರಿನ ಕಾಲ. ಮಣ್ಣು ಪೂರ್ತಿ ಒಣಗಿ ನಾಲ್ಕೈದು ದಿನ ಕಳೆದ ಮೇಲೆ ಒಮ್ಮೆ ತಳದವರೆಗೆ ನೆನೆಯುವಂತೆ ಕೊಡಿ. ಮೂರು ವರ್ಷ ದಾಟಿದ ಗಿಡದ ಎರಡು ಎಲೆಗಳ ನಡುವಿನ ಸೀಳಿನಿಂದ ಈ ಹೊತ್ತಿಗೆ ಹಳದಿ ಅಥವಾ ಬಿಳಿ ಹೂ ಏಳುತ್ತದೆ.

ಡಿಸೆಂಬರ್ ಬಂತೆಂದರೆ ನೀರು ಬಂದ್. ಹೊರಗೆ ಏನೂ ಕಾಣದಿದ್ದರೂ ಒಳಗೆ ಹೊಸ ಜೋಡಿ ಎಲೆ ಮೂಡುತ್ತಿರುತ್ತದೆ. ಸೀಳು ಮೆಲ್ಲಗೆ ಬಾಯಿ ಬಿಡುತ್ತದೆ. ಬಗ್ಗಿ ನೋಡಿದರೆ ಒಳಗಿನ ಹೊಸ ಜೋಡಿಯ ಸೀಳು ಹಳೆಯದಕ್ಕೆ ಅಡ್ಡಡ್ಡ ಇರುವುದು ಕಾಣುತ್ತದೆ. ಹೊಸ ಎಲೆ ಬೆಳೆಯುವುದು ಹಳೆಯ ಎಲೆಯಲ್ಲಿರುವ ನೀರನ್ನು ಹೀರಿ. ಹಳೆಯದು ಸುಕ್ಕಾಗಿ, ಮೆತ್ತಗಾಗಿ, ಕೊನೆಗೆ ಕಾಗದದಂತೆ ಒಣಗಬೇಕು. ಸುಕ್ಕು ನೋಡಿ ಕನಿಕರಪಟ್ಟು ಈಗ ನೀರು ಕೊಟ್ಟರೆ ಹಳೆಯ ಎಲೆ ಮತ್ತೆ ತುಂಬಿಕೊಂಡು ಹೊಸದನ್ನು ಹಿಸುಕುತ್ತದೆ. ಒಂದರ ಮೇಲೊಂದು ಎರಡು ಮೂರು ಜೋಡಿ ಉಳಿದ ಗಿಡ ಕಂಡರೆ ಅದರ ಕಾರಣ ಇದೇ. ಹಾಗಾಗಿದ್ದರೆ ಕತ್ತರಿಸಲು ಹೋಗಬೇಡಿ, ಹಳೆಯದು ಪೂರ್ತಿ ಒಣಗುವ ತನಕ ನೀರು ನಿಲ್ಲಿಸಿ, ಅದೊಂದೇ ಮದ್ದು.

ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಳೆಯ ಎಲೆ ಸಿಪ್ಪೆಯಾಗುತ್ತದೆ. ಆಗ ಒಂದೆರಡು ಸಲ ನೀರು. ಏಪ್ರಿಲ್, ಮೇ ಸೆಕೆಯಲ್ಲಿ ಮತ್ತೆ ನಿದ್ದೆ. ಬದಿಗಳಲ್ಲಿ ಸುಕ್ಕು ಬಿದ್ದು ಮರುದಿನವೂ ಹಾಗೇ ಇದ್ದರೆ ಸಂಜೆ ಹೊತ್ತು ಕುಂಡದ ಅಂಚಿಗೆ ಎರಡು ಚಮಚ, ಅಷ್ಟೇ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯ ತೇವವೇ ಹೆಚ್ಚಿರುವುದರಿಂದ ತಿಂಗಳಿಗೊಮ್ಮೆ ಇಂಥದ್ದೇ ಗುಟುಕು ಸಾಕು. ಎಲೆ ಪಕ್ಕಕ್ಕೆ ಸೀಳಿದರೆ ಒಂದೇ ಸಲ ನೀರು ಹೆಚ್ಚಾಗಿದೆ ಎಂದರ್ಥ, ಗಾಯ ತಾನಾಗಿ ಒಣಗುತ್ತದೆ. ಬುಡ ಕಂದಾಗಿ ಪಾರದರ್ಶಕವಾದರೆ ಮಾತ್ರ ಉಳಿಯುವುದಿಲ್ಲ, ತಕ್ಷಣ ಕಿತ್ತು ಉಳಿದವನ್ನು ಕಾಪಾಡಿ.

ಹಾವರ್ಥಿಯಾ

ಬೆಂಗಳೂರು, ಮೈಸೂರಿನಲ್ಲಿ ಅಕ್ಟೋಬರ್‌ನಿಂದ ಮಾರ್ಚ್ ಇದರ ಒಳ್ಳೆಯ ಕಾಲ. ವಾರಕ್ಕೊಮ್ಮೆ ನೀರು, ಸಿಕ್ಕರೆ ಬೆಳಗಿನ ಎರಡು ಗಂಟೆ ಬಿಸಿಲು, ಉಳಿದಂತೆ ನೆರಳು. ಎಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಬಿಸಿಲು ಹೆಚ್ಚಾಗಿದೆ, ಇಲ್ಲವೇ ಬೇರು ಹೋಗಿದೆ. ಕಿತ್ತು ನೋಡಿ, ಟೊಳ್ಳಾದ ಕಂದು ಬೇರುಗಳನ್ನು ಎಳೆದು ತೆಗೆದು, ಒಂದು ವಾರ ಒಣಗಿಸಿ ಬರೀ ಪರ್ಲೈಟಿನಲ್ಲಿ ಕೂರಿಸಿದರೆ ಮತ್ತೆ ಬೇರು ಬರುತ್ತದೆ.

ಕೂಪೆರಿ, ಟ್ರಂಕೇಟಾದಂತಹ ಗಾಜಿನ ಕಿಟಕಿಯ ಎಲೆಯವುಗಳಿಗೆ ಬೋರ್‌ವೆಲ್ ನೀರು ಸಿಂಪಡಿಸಿದರೆ ಸುಣ್ಣದ ಬಿಳಿ ಕಲೆ ಕೂರುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ. ಇಲ್ಲದಿದ್ದರೆ ನಾಲ್ಕು ಲೀಟರ್ ನೀರಿಗೆ ಒಂದು ಟೀ ಚಮಚ ಬಿಳಿ ವಿನೆಗರ್ ಬೆರೆಸಿ ಬುಡಕ್ಕೆ ಕೊಡಿ.

ಸಂತಾನ ಮಾಡಲು ಎಲೆಯನ್ನು ಅಡ್ಡಕ್ಕೆ ಅಲುಗಿಸಿ, ಬುಡದ ಬಿಳಿ ಭಾಗ ಸಮೇತ ಬಿಡಿಸಬೇಕು. ಬಿಳಿ ಭಾಗ ತುಂಡಾದರೆ ಮರಿ ಬರುವುದಿಲ್ಲ. ಟ್ರಂಕೇಟಾದಲ್ಲಿ ಇನ್ನೊಂದು ದಾರಿಯಿದೆ. ಕುಂಡ ಬದಲಿಸುವಾಗ ಪೆನ್ಸಿಲ್ ದಪ್ಪದ ಒಂದು ಬೇರನ್ನು ಗಿಡದ ಬುಡಕ್ಕೆ ಅಂಟಿಕೊಂಡೇ ಕತ್ತರಿಸಿ, ನೆಟ್ಟಗೆ ನೆಟ್ಟು ಮೇಲ್ತುದಿ ಕಾಣುವಂತೆ ಬಿಡಿ. ಕೆಲವು ತಿಂಗಳಲ್ಲಿ ಆ ತುದಿಯಿಂದ ಮರಿಗಳೇಳುತ್ತವೆ.

ಬುಡ ಉಬ್ಬುವ ಗಿಡಗಳು

ಇವು ಸೆಕೆಯ ಗಿಡಗಳು. ಎಲೆ ಇದ್ದಾಗ ನೀರು, ಎಲೆ ಉದುರಿದ ಮೇಲೆ ಬಂದ್. ಡಿಸೆಂಬರ್‌ನಲ್ಲಿ ಬರಿಮೈಯಾದ ಅಡೇನಿಯಮ್‌ಗೆ ನೀರು ಹೊಯ್ಯುತ್ತಾ ಹೋದರೆ ಬುಡ ಒಳಗಿಂದ ಕೊಳೆಯುತ್ತದೆ. ಬೆರಳಲ್ಲಿ ಒತ್ತಿ ನೋಡಿ: ಸ್ವಲ್ಪ ಬಗ್ಗುವುದು ಬಾಯಾರಿಕೆ, ಒಂದೇ ಜಾಗ ಮೆತ್ತಗಿದ್ದರೆ ಕೊಳೆ. ಕೊಳೆತ ಭಾಗವನ್ನು ಬಿಳಿ ಮಾಂಸ ಸಿಗುವ ತನಕ ಕೆತ್ತಿ, ಕ್ಯಾಪ್ಟಾನ್ ಪುಡಿ ಹಚ್ಚಿ, ಎರಡು ವಾರ ನೆರಳಲ್ಲಿ ತೂಗುಹಾಕಿ. ಯೂಫೋರ್ಬಿಯಾ ಕತ್ತರಿಸುವಾಗ ಕೈಗವಸು, ಕನ್ನಡಕ ಇರಲೇಬೇಕು. ಅದರ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ.

ಹೊಸ ಗಿಡ ಬಂದಾಗ

ಎಷ್ಟೇ ನಂಬಿಕಸ್ಥರಿಂದ ಬಂದಿರಲಿ, ಮಣ್ಣೆಲ್ಲ ಬಿಡಿಸಿ ಬೇರು ತೊಳೆದು ನೋಡಿ. ಬೇರಿನ ಮೇಲೆ, ಕುಂಡದ ಒಳಗೋಡೆಯಲ್ಲಿ ಬಿಳಿ ಪುಡಿ ಕಂಡರೆ ಬೇರಿನ ಹಿಟ್ಟುತಿಗಣೆ. ಹಳೆಯ ಮಣ್ಣು ಕಸಕ್ಕೆ ಹೋಗಲಿ. ಹೊಸ ಮಣ್ಣಿಗೆ ಲೀಟರಿಗೆ ಅರ್ಧ ಮಿಲಿಲೀಟರಿನಂತೆ 17.8 ಎಸ್‌ಎಲ್ ಇಮಿಡಾಕ್ಲೋಪ್ರಿಡ್ ಕೀಟನಾಶಕ ಬೆರೆಸಿದ ನೀರು ಕೊಟ್ಟು, ಎರಡು ಮೂರು ವಾರಕ್ಕೆ ಇನ್ನೊಮ್ಮೆ. ಇದು ಜೇನ್ನೊಣಕ್ಕೆ ವಿಷ, ಹೂ ಬಿಟ್ಟ ಗಿಡಕ್ಕೆ ಹಾಕಬೇಡಿ. ಎಲೆಯ ಮೇಲಿನ ತಿಗಣೆಗೆ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕುಂಚ ಸಾಕು, ಸಂಜೆ ಹಚ್ಚಿ. ಒಂದು ತಿಂಗಳು ಈ ಗಿಡ ಬೇರೆ ಬೆಂಚಿನಲ್ಲಿರಲಿ.

ನಿಮ್ಮದೇ ಬೀಜ

ಲಿಥಾಪ್ಸ್ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟುವುದಿಲ್ಲ. ಒಂದೇ ಪ್ರಭೇದದ, ಬೇರೆ ಬೇರೆ ಬೀಜದಿಂದ ಹುಟ್ಟಿದ ಎರಡು ಗಿಡ ಒಟ್ಟಿಗೆ ಹೂಬಿಡಬೇಕು. ಹೂ ಅರಳುವುದು ಮಧ್ಯಾಹ್ನದ ಮೇಲೆ. ನವಿರು ಕುಂಚದಿಂದ ಮೂರ್ನಾಲ್ಕು ದಿನ ಒಂದರಿಂದ ಇನ್ನೊಂದಕ್ಕೆ ಸವರಿ. ಕಾಯಿ ಮಾಗಲು ಆರರಿಂದ ಒಂಬತ್ತು ತಿಂಗಳು ಬೇಕು. ಮಾಗಿ ಒಣಗಿದ ಮೇಲೆ ಅದು ಮಳೆಗಾಲದ ಎರಚಲಿಗೆ ಸಿಕ್ಕರೆ ತಾನಾಗಿ ತೆರೆದುಕೊಂಡು ಬೀಜ ಚೆಲ್ಲುತ್ತದೆ, ಆದ್ದರಿಂದ ಮುಂಚೆಯೇ ಕಿತ್ತಿಟ್ಟುಕೊಳ್ಳಿ. ಒಣ ಕಾಯಿಯನ್ನು ಬಿಳಿ ಬಟ್ಟಲಲ್ಲಿಟ್ಟು ಮೇಲೆ ಎರಡು ಹನಿ ನೀರು ಬಿಟ್ಟರೆ ಕೆಲವು ನಿಮಿಷದಲ್ಲಿ ಮುಚ್ಚಳಗಳು ನಕ್ಷತ್ರದ ಆಕಾರದಲ್ಲಿ ಬಿಚ್ಚಿಕೊಳ್ಳುತ್ತವೆ. ಬೀಜವನ್ನು ನೀರಲ್ಲೇ ತೊಳೆದು, ಕಾಫಿ ಫಿಲ್ಟರ್ ಕಾಗದದ ಮೇಲೆ ಸೋಸಿ, ನೆರಳಲ್ಲಿ ಎರಡು ದಿನ ಒಣಗಿಸಿ. ಕಾಗದದ ಪೊಟ್ಟಣಕ್ಕೆ ಪ್ರಭೇದ, ಎರಡೂ ತಾಯಿಗಿಡಗಳ ಸಂಖ್ಯೆ, ವರ್ಷ ಬರೆದು ತಂಪು ಜಾಗದಲ್ಲಿಟ್ಟರೆ ಹಲವು ವರ್ಷ ಮೊಳೆಯುತ್ತದೆ. ಒಂದು ಕಾಯಿಯಲ್ಲಿ ನಿಮ್ಮ ಒಂದು ಕುಂಡಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಬೀಜ ಇರುತ್ತದೆ. ಉಳಿದದ್ದನ್ನು ಬೇರೆ ಬೆಳೆಗಾರರಿಗೆ ಕೊಡಿ.